ಹಳೇ ಓಮ್ನಿಯ ಸ್ಪೀಡೋಮೀಟರ್ ನಿಂತಿದೆಯಾ? ಹೊಸ ಮೀಟರ್ ತರುವ ಮುಂಚೆ ಇಷ್ಟು ನೋಡಿ

ಹಾಸನ, ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ಹಳೇ ಓಮ್ನಿಗಳು ಇನ್ನೂ ಬೇಕಾದಷ್ಟು ಓಡುತ್ತಿವೆ. ತೋಟಕ್ಕೆ ಕೆಲಸದವರನ್ನು ಕರೆತರಲು, ಸಂತೆಗೆ ತರಕಾರಿ ಒಯ್ಯಲು, ಕೊಯ್ಲಿನ ಸಮಯದಲ್ಲಿ ನಾಲ್ಕು ಚೀಲ ಕಾಫಿ ಹಾಕಿಕೊಂಡು ಬರಲು ಇದಕ್ಕಿಂತ ಅನುಕೂಲದ ಗಾಡಿ ಸಿಗುವುದು ಕಷ್ಟ. ಇಂಜಿನ್ ಚೆನ್ನಾಗಿರುತ್ತದೆ. ತುಕ್ಕು ಹಿಡಿದ ಕಡೆ ವೆಲ್ಡಿಂಗ್ ಮಾಡಿಸಿರುತ್ತಾರೆ. ಟೈರೂ ಹೊಸದೇ ಇರುತ್ತದೆ. ಆದರೆ ಮೀಟರಿನ ಮುಳ್ಳು ಮಾತ್ರ ಸೊನ್ನೆಯಲ್ಲೇ ನಿಂತಿರುತ್ತದೆ. "ಗಾಡಿ ಓಡ್ತಾ ಇದೆಯಲ್ಲ, ಬಿಡಿ" ಎಂದು ವರ್ಷಗಟ್ಟಲೆ ಹಾಗೇ ಓಡಿಸುವವರಿದ್ದಾರೆ.

ದಯವಿಟ್ಟು ಹಾಗೆ ಬಿಡಬೇಡಿ. ಇಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಪ್ಲಗ್, ಟೈಮಿಂಗ್ ಬೆಲ್ಟ್ ಎಲ್ಲವನ್ನೂ ಬದಲಿಸುವುದು ಕಿಲೋಮೀಟರ್ ಲೆಕ್ಕದ ಮೇಲೆ. ಆ ಲೆಕ್ಕವೇ ಇಲ್ಲದಿದ್ದರೆ ಎಲ್ಲವೂ ಅಂದಾಜು. ಲೀಟರಿಗೆ ಎಷ್ಟು ಕೊಡುತ್ತಿದೆ ಎಂಬುದೂ ಗೊತ್ತಾಗುವುದಿಲ್ಲ. ಕಾನೂನಿನ ಮಾತೂ ಇದೆ: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 117ನೇ ನಿಯಮ ಇರುವುದೇ ಸ್ಪೀಡೋಮೀಟರ್ ಬಗ್ಗೆ. ಹಳದಿ ಬೋರ್ಡ್ ಗಾಡಿಯನ್ನು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಒಯ್ದಾಗ ಇದನ್ನೂ ನೋಡುತ್ತಾರೆ.

ಇನ್ನೊಂದು ವಿಷಯ. ಮೀಟರ್ ನಿಂತಿತು ಎಂದ ತಕ್ಷಣ ಇಡೀ ಮೀಟರನ್ನೇ ಬದಲಿಸಿಬಿಡುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಹಳೆಯ ಗಾಡಿಗಳಲ್ಲಿ ಬಹಳ ಸಲ ಕೆಟ್ಟಿರುವುದು ಮೀಟರ್ ಅಲ್ಲ, ಕೇಬಲ್. ಅದು ಮೀಟರಿಗಿಂತ ತುಂಬಾ ಅಗ್ಗದ ಸಾಮಾನು. ಸುಮ್ನೆ ಮೀಟರ್ ಬದಲಿಸಿದರೆ ದುಡ್ಡು ಹೋಗುವುದರ ಜೊತೆಗೆ, ಗಾಡಿ ಇಲ್ಲಿಯವರೆಗೆ ಎಷ್ಟು ಓಡಿದೆ ಎಂಬ ಅಂಕಿಯೂ ಹೋಗುತ್ತದೆ. ಹಾಗಾಗಿ ಕ್ರಮವಾಗಿ ಹುಡುಕೋಣ.

ಇಲ್ಲಿ ಹೇಳುವುದೆಲ್ಲ ಕೇಬಲ್ ಇರುವ ಮೀಟರಿನ ಬಗ್ಗೆ. ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂತು, 1988ರಲ್ಲಿ ಓಮ್ನಿ ಆಯಿತು, 2019ರಲ್ಲಿ ತಯಾರಿಕೆ ನಿಂತಿತು. ಇಷ್ಟು ವರ್ಷಗಳಲ್ಲಿ ಮೀಟರಿನ ವಿನ್ಯಾಸ ಬದಲಾಗಿದೆ. ಆದ್ದರಿಂದ ಸ್ಕ್ರೂ ಎಲ್ಲಿದೆ, ಕ್ಲಿಪ್ ಹೇಗಿದೆ ಎಂಬುದನ್ನು ನಿಮ್ಮ ಗಾಡಿಯಲ್ಲೇ ನೋಡಿಕೊಳ್ಳಬೇಕು. ಹಳೇ ಟೆಂಪೋ, ಜೀಪುಗಳಿಗೂ ಇದೇ ಕ್ರಮ ನಡೆಯುತ್ತದೆ.

ಒಳಗೆ ಏನು ನಡೆಯುತ್ತದೆ

ಇದನ್ನು ಓದದೆ ಸ್ಪ್ಯಾನರ್ ಹಿಡಿಯಬೇಡಿ. ಇದು ಗೊತ್ತಿದ್ದರೆ ಅರ್ಧ ಕೆಲಸ ಗಾಡಿ ಬಿಚ್ಚದೆಯೇ ಮುಗಿಯುತ್ತದೆ.

ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿದೆ, ಓಡುವುದು ಹಿಂದಿನ ಚಕ್ರ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟ್ ತಿರುಗಿದಾಗ, ಅದಕ್ಕೆ ತಾಗಿಕೊಂಡಿರುವ ಒಂದು ಸಣ್ಣ ಗೇರ್ ತಿರುಗುತ್ತದೆ. ಆ ಗೇರಿಗೆ ಮೀಟರ್ ಕೇಬಲ್ ಸಿಕ್ಕಿಸಿರುತ್ತಾರೆ. ಕೇಬಲ್ಲಿಗೆ ಹೊರಗೆ ಒಂದು ಕೊಳವೆ, ಒಳಗೆ ಒಂದು ತಂತಿ. ಗ್ಯಾರೇಜಿನಲ್ಲಿ ಔಟರ್, ಇನ್ನರ್ ಎನ್ನುತ್ತಾರೆ. ಇನ್ನರ್ ಒಂಟಿ ತಂತಿಯಲ್ಲ. ತೆಳುವಾದ ಉಕ್ಕಿನ ಎಳೆಗಳನ್ನು ಹಗ್ಗ ಹೊಸೆದ ಹಾಗೆ ಪದರ ಪದರವಾಗಿ ಸುತ್ತಿ ಮಾಡಿರುತ್ತಾರೆ. ಅದರ ತುದಿಗಳು ಚೌಕಾಕಾರವಾಗಿರುತ್ತವೆ. ಆ ಚೌಕ ಕೆಳಗೆ ಗೇರಿನೊಳಗೆ, ಮೇಲೆ ಮೀಟರಿನೊಳಗೆ ಕೂರುತ್ತದೆ.

ಮೀಟರಿಗೆ ಬಂದ ತಿರುಗಾಟ ಅಲ್ಲಿ ಎರಡು ದಾರಿ ಹಿಡಿಯುತ್ತದೆ.

ಒಂದು ದಾರಿ ಮುಳ್ಳಿನದು. ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲೊಂದಿದೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ, ಬಟ್ಟಲೂ ಅದೇ ಕಡೆಗೆ ಎಳೆಯಲ್ಪಡುತ್ತದೆ. ಕೂದಲೆಳೆಯಂಥ ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಎರಡರ ಬಲ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನೂರು ವರ್ಷ ದಾಟಿದರೂ ಇದರ ಮೂಲ ವಿಧಾನ ಹಾಗೇ ಉಳಿದು ಬಂದಿದೆ. ಎಷ್ಟು ಚೆಂದದ ಯೋಚನೆ ಅಲ್ವಾ!

ಇನ್ನೊಂದು ದಾರಿ ಓಡೋಮೀಟರಿನದು, ಅಂದರೆ ಗಾಡಿ ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಎಂದು ತೋರಿಸುವ ಅಂಕಿಗಳದು. ಅಲ್ಲಿ ಅಯಸ್ಕಾಂತವಿಲ್ಲ, ಸ್ಪ್ರಿಂಗ್ ಇಲ್ಲ. ಬರೀ ಗೇರುಗಳು. ಅವು ವೇಗವನ್ನು ಇಳಿಸುತ್ತಾ ಹೋಗಿ ಅಂಕಿಯ ಚಕ್ರಗಳನ್ನು ತಿರುಗಿಸುತ್ತವೆ. ಒಂದು ಚಕ್ರ ಪೂರ್ತಿ ಒಂದು ಸುತ್ತು ಬಂದರೆ ಪಕ್ಕದ್ದು ಒಂದು ಅಂಕಿ ಮುಂದೆ ಹೋಗುತ್ತದೆ.

ಅಂದರೆ ಮುಳ್ಳು ತಪ್ಪು ತೋರಿಸಬಹುದು, ನಡುಗಬಹುದು, ಸೋಲಬಹುದು. ಓಡೋಮೀಟರ್ ಹಾಗಲ್ಲ. ಗೇರ್ ಸರಿಯಿದ್ದು ಟೈರ್ ಅಳತೆಯೂ ಸರಿಯಿದ್ದರೆ ಸರಿ ಲೆಕ್ಕ ಕೊಡುತ್ತದೆ. ಇಲ್ಲದಿದ್ದರೆ ತೊಡರಿಕೊಳ್ಳುತ್ತದೆ ಅಥವಾ ನಿಂತೇ ಹೋಗುತ್ತದೆ.

ಲಕ್ಷಣ ನೋಡಿ ಜಾಗ ಗುರುತಿಸಿ

ಮುಳ್ಳೂ ಇಲ್ಲ, ಅಂಕಿಯೂ ಓಡುತ್ತಿಲ್ಲ ಎಂದರೆ ತಿರುಗಾಟವೇ ಮೀಟರಿಗೆ ತಲುಪುತ್ತಿಲ್ಲ. ಕೇಬಲ್ ತುಂಡಾಗಿರಬಹುದು, ಒಂದು ತುದಿ ಕಳಚಿಕೊಂಡಿರಬಹುದು, ಕೆಳಗಿನ ಸಣ್ಣ ಗೇರ್ ಸವೆದಿರಬಹುದು. ಮೀಟರಿನ ಒಳಗೇ ಏನೋ ಜಾಮ್ ಆಗಿ ಅದರಿಂದಾಗಿ ಕೇಬಲ್ ತುಂಡಾಗಿರುವುದೂ ಉಂಟು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮುಳ್ಳು ಸರಿಯಾಗಿ ಏಳುತ್ತದೆ, ಅಂಕಿ ಮಾತ್ರ ನಿಂತಿದೆ ಎಂದರೆ ಕೇಬಲ್ ಮುಟ್ಟಲೇಬೇಡಿ. ಓಡೋಮೀಟರಿನ ಪ್ಲಾಸ್ಟಿಕ್ ಗೇರ್ ಸೀಳಿದೆ ಅಥವಾ ತನ್ನ ಕಡ್ಡಿಯ ಮೇಲೆ ಜಾರುತ್ತಿದೆ. ಇದಕ್ಕೆ ಉಲ್ಟಾ, ಅಂಕಿ ಓಡುತ್ತಿದ್ದು ಮುಳ್ಳು ಏಳದಿದ್ದರೆ ಬಟ್ಟಲು, ಸ್ಪ್ರಿಂಗ್ ಅಥವಾ ಮುಳ್ಳಿನ ತೊಂದರೆ.

ನಿಧಾನ ಹೋಗುವಾಗ ಮುಳ್ಳು ಹಿಂದೆ ಮುಂದೆ ಕುಣಿಯುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿದೆ. ಕಿರ್ ಎಂಬ ಶಬ್ದವೂ ಸೇರಿಕೊಂಡರೆ ಇನ್ನಷ್ಟು ಖಾತ್ರಿ. ಇದನ್ನು ಇಂದೇ ಸರಿಮಾಡಿ. ಹೀಗೆ ಶಬ್ದ ಮಾಡುವ ಕೇಬಲ್ ಹೆಚ್ಚು ದಿನ ಬಾಳುವುದಿಲ್ಲ, ಕೆಲವೊಮ್ಮೆ ಮೀಟರಿನ ಬುಶ್ಶನ್ನೂ (ತಿರುಗುವ ಕಡ್ಡಿಗೆ ಆಧಾರವಾಗಿರುವ ಸಣ್ಣ ಬಳೆ) ತಿಂದು ಹಾಕುತ್ತದೆ.

ಮುಳ್ಳು ಒಮ್ಮೆಲೇ ಮೇಲಕ್ಕೆ ಹಾರಿ ಅಲ್ಲೇ ನಿಂತರೆ ಗ್ರೀಸ್ ಅಥವಾ ಆಯಿಲ್ ಮೀಟರಿನೊಳಗೆ ಹತ್ತಿ, ಅಯಸ್ಕಾಂತಕ್ಕೂ ಬಟ್ಟಲಿಗೂ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ.

ಮೊದಲ ಕೆಲಸ: ತಪ್ಪು ಮೇಲಿದೆಯಾ, ಕೆಳಗಿದೆಯಾ?

ಬೇಕಾದ ಸಾಮಾನು ದೊಡ್ಡದೇನಲ್ಲ. ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಕಟಿಂಗ್ ಪ್ಲೇಯರ್, ಟಾರ್ಚ್, ಹಳೇ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ತೆಳುವಾದ ಲಿಥಿಯಂ ಗ್ರೀಸ್.

ಗಾಡಿಯನ್ನು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ. ಮಲೆನಾಡಿನ ಅಂಗಳಗಳು ಇಳಿಜಾರು ಇರುತ್ತವೆ, ಅಲ್ಲಿ ಈ ಕೆಲಸ ಬೇಡವೇ ಬೇಡ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಮೀಟರ್ ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಆಮೇಲೆ ಮೀಟರಿನ ಸ್ಕ್ರೂ ಬಿಚ್ಚಿ. ಮೀಟರನ್ನು ಜೋರಾಗಿ ಎಳೆಯಬೇಡಿ. ಸ್ವಲ್ಪವೇ ಮುಂದಕ್ಕೆ ತಂದು ಹಿಂದೆ ಕೈ ಹಾಕಿ. ಕೇಬಲ್ಲಿನ ತುದಿಯಲ್ಲಿ ಒತ್ತಿ ಬಿಡಿಸುವ ಕ್ಲಿಪ್ಪೋ ತಿರುಗಿಸುವ ನಟ್ಟೋ ಇರುತ್ತದೆ. ಹಳೇ ಪ್ಲಾಸ್ಟಿಕ್ ಪಟ್ ಎಂದು ಮುರಿಯುತ್ತದೆ, ತಾಳ್ಮೆ ಇರಲಿ. ವೈರ್ ಕಪ್ಲರ್ ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಕೇಬಲ್ ಬಿಡಿಸಿದ ಮೇಲೆ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಡಿ. ಇಬ್ಬರು ಹಿಂದಿನಿಂದ ಮೆಲ್ಲಗೆ ತಳ್ಳಲಿ. ಒಬ್ಬರು ಡ್ರೈವರ್ ಸೀಟಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಕೇಬಲ್ಲಿನ ತುದಿ ನೋಡಲಿ. ಇಂಜಿನ್ ಆಫ್ ಇದ್ದಾಗ ಬ್ರೇಕ್ ಗಟ್ಟಿಯಾಗಿರಬಹುದು, ಜೋರಾಗಿ ಒತ್ತಬೇಕಾದೀತು. ಗಾಡಿ ಮುಂದೆ ಹೋಗುವಾಗ ಇನ್ನರ್ ತುದಿ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ತುದಿ ತಿರುಗುತ್ತಿದ್ದರೆ ಕೇಬಲ್ ಮತ್ತು ಕೆಳಗಿನ ಗೇರ್ ಸರಿಯಿವೆ, ತಪ್ಪು ಮೀಟರಿನಲ್ಲಿದೆ. ತಿರುಗದಿದ್ದರೆ ತಪ್ಪು ಕೆಳಗಿದೆ. ಗಾಡಿ ಜಾಕ್ ಮೇಲೆ ಎತ್ತಿ, ಇಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ ಚಕ್ರ ತಿರುಗಿಸಿ ನೋಡುವವರಿದ್ದಾರೆ. ಅದು ಅಪಾಯ. ಗಾಡಿ ಜಾಕಿನಿಂದ ಜಾರಿದರೆ ಎದುರಿಗಿದ್ದವರ ಗತಿ ಏನು? ತಳ್ಳಿ ನೋಡುವುದರಲ್ಲೇ ಗೊತ್ತಾಗುವಾಗ ಆ ಧೈರ್ಯದ ಅಗತ್ಯವಿಲ್ಲ.

ಕೇಬಲ್ ಹೊರತೆಗೆಯುವುದು

ಮೇಲಿನ ತುದಿಯಲ್ಲಿ ಇನ್ನರ್ ಹಿಡಿದು ಮೆಲ್ಲಗೆ ಎಳೆಯಿರಿ. ಗಿಡ್ಡದಾದ ತುಂಡೊಂದು ಕಿತ್ತುಹೋದ ಎಳೆಗಳ ಜೊತೆ ಕೈಗೆ ಬಂದರೆ ಉತ್ತರ ಸಿಕ್ಕಿತು. ಉಳಿದರ್ಧವನ್ನು ಕೆಳಗಿನಿಂದ ತೆಗೆಯಬೇಕು.

ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ತಣ್ಣಗಾದ ಮೇಲೆ ಹೋಗಿ. ಇನ್ನೂ ಒಳ್ಳೆಯದೆಂದರೆ ಗುಂಡಿ ಇರುವ ಗ್ಯಾರೇಜಿಗೆ ಒಯ್ಯುವುದು.

ಗೇರ್‌ಬಾಕ್ಸಿಗೆ ಕೇಬಲ್ ಸೇರುವ ಜಾಗವನ್ನು ಬಿಚ್ಚುವ ಮುಂಚೆ ಚೆನ್ನಾಗಿ ಒರೆಸಿ. ನಮ್ಮ ತೋಟದ ರಸ್ತೆಗಳ ಕೆಂಪು ಮಣ್ಣು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದು ಗೇರ್‌ಬಾಕ್ಸಿನೊಳಗೆ ಬಿದ್ದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಬಿಚ್ಚಿದಾಗ ಸ್ವಲ್ಪ ಆಯಿಲ್ ಸೋರಬಹುದು, ಕೆಳಗೆ ಒಂದು ತಟ್ಟೆ ಇಡಿ.

ಇಲ್ಲಿ ಮೂರು ವಿಷಯ ನೋಡಿ. ಸಣ್ಣ ಗೇರಿನ ಹಲ್ಲುಗಳು ಪೂರ್ತಿ ಇವೆಯೇ? ಚೌಕದ ತೂತು ಇನ್ನೂ ಚೌಕವಾಗಿದೆಯೇ, ಅಥವಾ ಸವೆದು ದುಂಡಗಾಗಿದೆಯೇ? ಕೇಬಲ್ಲಿನ ಒಳಗೆ ಗೇರ್ ಆಯಿಲ್ ಹತ್ತಿದೆಯೇ? ಮೂರನೆಯದನ್ನು ಅನೇಕರು ನೋಡುವುದೇ ಇಲ್ಲ. ಆಯಿಲ್ ಇದ್ದರೆ ಅಲ್ಲಿನ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಸೀಲ್ ಬದಲಿಸದೆ ಬರೀ ಕೇಬಲ್ ಹಾಕಿದರೆ ಆಯಿಲ್ ಮೆಲ್ಲಗೆ ಮೇಲೇರಿ ಒಂದು ದಿನ ಮೀಟರಿನ ಬಟ್ಟಲಿಗೆ ತಲುಪುತ್ತದೆ. ಸೀಲ್ ಸಣ್ಣ ಸಾಮಾನು, ಗೇರ್ ತೆಗೆದಾಗಲೇ ಬದಲಿಸಿಬಿಡಿ.

ಹೊಸ ಕೇಬಲ್ ಹಾಕುವಾಗ

ಅಂಗಡಿಗೆ ಹಳೇ ಕೇಬಲ್ ತುಂಡುಗಳನ್ನು ಒಯ್ಯಿರಿ. ಗಾಡಿಯ ಹೆಸರು ಹೇಳಿದರೆ ಸಾಲದು. ಉದ್ದ, ಎರಡೂ ತುದಿಯ ಚೌಕ, ನಟ್ಟಿನ ಅಳತೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮುಖ್ಯವಾಗಿ, ಮೀಟರ್ ಕಡೆ ಇನ್ನರ್ ಔಟರಿನಿಂದ ಎಷ್ಟು ಹೊರಗೆ ಚಾಚಿದೆ ಎಂಬುದು ಹಳೆಯದರಷ್ಟೇ ಇರಬೇಕು. ಗಿಡ್ಡವಾದರೆ ಚೌಕದಲ್ಲಿ ಕೂರದೆ ಜಾರುತ್ತದೆ. ಉದ್ದವಾದರೆ ಮೀಟರನ್ನು ಒಳಗಿನಿಂದ ಒತ್ತಿ ಬುಶ್ ಸವೆಸುತ್ತದೆ.

ಹಳೆಯ ಇನ್ನರ್ ತುಂಡಾಗದೆ ಬರೀ ಒಣಗಿದ್ದರೆ ಅದನ್ನೇ ಬಳಸಬಹುದು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಟೇಬಲ್ ಮೇಲೆ ಉರುಳಿಸಿ. ಎಲ್ಲಾದರೂ ಎಗರಿದರೆ ಅಲ್ಲಿ ಸೊಟ್ಟಗಾಗಿದೆ. ಅಂಥದ್ದನ್ನು ಮತ್ತೆ ಹಾಕಬೇಡಿ, ಮುಳ್ಳು ಕುಣಿಯುವುದು ನಿಲ್ಲುವುದಿಲ್ಲ.

ಗ್ರೀಸ್ ಹಚ್ಚುವುದರಲ್ಲಿ ಒಂದು ಸೂಕ್ಷ್ಮವಿದೆ. ಬೆರಳಿನಲ್ಲಿ ತೆಳ್ಳಗೆ ಸವರಿ ಸಾಕು. ಮೀಟರ್ ಕಡೆಯ ಕೊನೆಯ ಒಂದು ಗೇಣಿಗೆ ಹಚ್ಚಬೇಡಿ. ಇನ್ನರ್ ತಿರುಗುತ್ತಾ ತಿರುಗುತ್ತಾ ಗ್ರೀಸನ್ನು ತಾನೇ ಮೇಲಕ್ಕೆ ಒಯ್ಯುತ್ತದೆ. ಜಾಸ್ತಿ ಇದ್ದರೆ ಅದು ಹೋಗಿ ಸೇರುವುದು ಮೀಟರಿಗೇ. ಇಂಜಿನ್ ಆಯಿಲ್ ಸುರಿಯುವುದಂತೂ ಬೇಡವೇ ಬೇಡ.

ಕೇಬಲ್ ಹೋಗುವ ದಾರಿಯೂ ಅಷ್ಟೇ ಮುಖ್ಯ. ಕೇಬಲ್ ತುಂಡಾಗಲು ಬಿಗಿಯಾದ ತಿರುವು ದೊಡ್ಡ ಕಾರಣ. ಎಲ್ಲೂ ಚೂಪಾಗಿ ಬಗ್ಗಿಸಬೇಡಿ, ಅಗಲವಾದ ಬಳಸು ಕೊಡಿ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ತಗಡಿನ ತೂತು ದಾಟುವ ಕಡೆ ರಬ್ಬರ್ ಬುಶ್ ಇರಲೇಬೇಕು. ಅದಿಲ್ಲದಿದ್ದರೆ ತಗಡಿನ ಅಂಚು ಔಟರನ್ನು ಕೊಯ್ಯುತ್ತದೆ, ಸೀಳಿನಿಂದ ಮಳೆನೀರು ಒಳಗಿಳಿಯುತ್ತದೆ. ಸಕಲೇಶಪುರ, ಮೂಡಿಗೆರೆಯಂಥ ಮಳೆಯ ಸೀಮೆಯಲ್ಲಿ ಸೀಳಿದ ಔಟರ್ ಇದ್ದರೆ ಇನ್ನರ್ ತುಕ್ಕು ಹಿಡಿದು ಕೂರಲು ಒಂದು ಮಳೆಗಾಲ ಸಾಕು. ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಗೆ ಇಲಿ ಕಾಟವೂ ಇದೆ. ಅವು ಔಟರಿನ ಪ್ಲಾಸ್ಟಿಕ್ ಕಡಿಯುತ್ತವೆ. ಮಳೆ ಮುಗಿದ ಮೇಲೆ ಒಮ್ಮೆ ಟಾರ್ಚ್ ಬಿಟ್ಟು ಉದ್ದಕ್ಕೂ ನೋಡಿಬಿಡಿ.

ಕೂರಿಸುವಾಗ ಮೊದಲು ಕೆಳಗಿನ ತುದಿ. ಇನ್ನರನ್ನು ಬೆರಳಿನಲ್ಲಿ ತಿರುಗಿಸುತ್ತಾ ಒಳಗೆ ತಳ್ಳಿ. ಚೌಕ ಸರಿಯಾಗಿ ಬಿದ್ದಾಗ ತಿರುಗುವುದು ಬಿಗಿಯಾಗುತ್ತದೆ. ಆಮೇಲೆ ನಟ್ ಬಿಗಿಯಿರಿ. ಚೌಕ ಕೂರುವ ಮುಂಚೆಯೇ ನಟ್ ಬಿಗಿದರೆ ತುದಿ ಹಾಳಾಗುತ್ತದೆ.

ಮೇಲಿನ ತುದಿ ಸಿಕ್ಕಿಸುವ ಮೊದಲು ಒಂದು ಪರೀಕ್ಷೆ ಬಾಕಿ ಇದೆ. ಹಳೇ ಇನ್ನರಿನ ಚೌಕದ ತುಂಡನ್ನು ಮೀಟರಿನ ಹಿಂದೆ ಹಾಕಿ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಎಲ್ಲಾದರೂ ಹಿಡಿದರೆ ಹಳೇ ಕೇಬಲ್ ಕೊಂದದ್ದು ಆ ಮೀಟರೇ. ಅದನ್ನು ಸರಿಮಾಡದೆ ಹೊಸ ಕೇಬಲ್ ಸಿಕ್ಕಿಸಿದರೆ ಅದೂ ಹೋಗುತ್ತದೆ.

ತಪ್ಪು ಮೀಟರಿನಲ್ಲಿದ್ದರೆ

ಮೀಟರನ್ನು ಟೇಬಲ್ ಮೇಲಿಟ್ಟೇ ಪರೀಕ್ಷಿಸಬಹುದು. ಹಳೇ ಇನ್ನರ್ ತುಂಡನ್ನು ವೇಗ ಹೆಚ್ಚುಕಡಿಮೆ ಮಾಡಬಹುದಾದ ಡ್ರಿಲ್ಲಿಗೆ ಸಿಕ್ಕಿಸಿ, ನೀವು ಗುರುತು ಹಾಕಿಕೊಂಡ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಸಾಮಾನ್ಯವಾಗಿ ಕೇಬಲ್ ನಿಮಿಷಕ್ಕೆ 637 ಸುತ್ತು ತಿರುಗಿದರೆ ಮುಳ್ಳು 60 ತೋರಿಸಬೇಕು. 60ರ ವೇಗವೆಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಅಂದರೆ ಒಂದು ಕಿಲೋಮೀಟರಿಗೆ 637 ಸುತ್ತು. ಕೆಲವು ಮೀಟರ್‌ಗಳ ಮುಖದ ಮೇಲೆ ಈ ಸುತ್ತಿನ ಲೆಕ್ಕವನ್ನು ಸಣ್ಣದಾಗಿ ಮುದ್ರಿಸಿರುತ್ತಾರೆ, ಇದ್ದರೆ ಅದನ್ನೇ ನಂಬಿ.

ಗಾಜು ತೆಗೆದ ಮೇಲೆ ಮುಳ್ಳನ್ನು ಮಾತ್ರ ಕೀಳಬೇಡಿ. ಅದು ಕೂತ ಜಾಗ ಸ್ವಲ್ಪ ಆಚೀಚೆ ಆದರೂ ಎಲ್ಲ ವೇಗವೂ ತಪ್ಪಾಗುತ್ತದೆ. ಕೂದಲೆಳೆಯ ಸ್ಪ್ರಿಂಗಿಗೆ ಬೆರಳು ತಾಗಿಸಬೇಡಿ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿದ್ದರೆ ಸೆಲ್ಲೋಟೇಪ್ ತುಂಡಿನಿಂದ ಎತ್ತಿ ತೆಗೆಯಿರಿ. ಹಿಂದಿನ ಬುಶ್ ಒಣಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ.

ಓಡೋಮೀಟರ್ ಮಾತ್ರ ನಿಂತಿದ್ದರೆ ಪ್ಲಾಸ್ಟಿಕ್ ಗೇರುಗಳನ್ನು ಒಂದೊಂದಾಗಿ ಬೆಳಕಿನಲ್ಲಿ ನೋಡಿ. ಕಡ್ಡಿಯ ಹತ್ತಿರ ಕೂದಲಿನಷ್ಟು ಸೀಳು ಇರುತ್ತದೆ. ಬಿಡಿ ಗೇರ್ ಸಿಗುವುದು ಅಪರೂಪ. ಗುಜರಿಗೆ ಹೋದ ಅದೇ ಮಾದರಿಯ ಮೀಟರಿನಿಂದ ತೆಗೆದು ಹಾಕುವುದೇ ಒಳ್ಳೆಯ ದಾರಿ. ಫೆವಿಕ್ವಿಕ್ ಹಾಕಬೇಡಿ. ಅದರ ಆವಿ ಅಂಕಿಗಳ ಮೇಲೂ ಗಾಜಿನ ಮೇಲೂ ಬಿಳಿ ಪೊರೆ ಕೂರಿಸುತ್ತದೆ, ಅಂಟೂ ನಿಲ್ಲುವುದಿಲ್ಲ. ಗೇರ್ ಸೀಳದೆ ಕಡ್ಡಿಯ ಮೇಲೆ ಬರೀ ಜಾರುತ್ತಿದ್ದರೆ ಎರಡು ಟ್ಯೂಬ್ ಬೆರೆಸುವ ಗಟ್ಟಿ ಅಂಟನ್ನು ಸೂಜಿ ಮೊನೆಯಷ್ಟು ಇಟ್ಟು ಒಂದು ರಾತ್ರಿ ಒಣಗಲು ಬಿಡಿ. ಒಂದೊಂದು ಪ್ರಯಾಣದ ದೂರ ನೋಡುವ ಟ್ರಿಪ್ ಮೀಟರ್ ಇದ್ದರೆ ಅದನ್ನು ಸೊನ್ನೆ ಮಾಡುವುದು ಗಾಡಿ ನಿಂತಾಗ ಮಾತ್ರ. ಓಡುವಾಗ ಒತ್ತಿದರೆ ಇದೇ ಗೇರುಗಳಿಗೆ ಪೆಟ್ಟು ಬೀಳುತ್ತದೆ.

ಬಟ್ಟಲು ಅಥವಾ ಸ್ಪ್ರಿಂಗಿನ ಕೆಲಸವನ್ನು ಮೀಟರ್ ರಿಪೇರಿ ಮಾಡುವವರಿಗೇ ಕೊಡಿ. ಡಿಜಿಟಲ್ ಅಂಕಿ ಇರುವ ಗಾಡಿಯಾದರೆ ನೀವು ನೋಡಬಹುದಾದದ್ದು ಗೇರ್‌ಬಾಕ್ಸ್ ಹತ್ತಿರದ ಸ್ಪೀಡ್ ಸೆನ್ಸರ್, ಅದರ ಕಪ್ಲರ್ ಮತ್ತು ಇಲಿ ಕಡಿದ ವೈರ್, ಅಷ್ಟೇ.

ರಸ್ತೆಯಲ್ಲಿ ಪರೀಕ್ಷೆ

ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಇದನ್ನು ನೋಡಲು ಆಗುವುದಿಲ್ಲ. ತಿರುವುಗಳಲ್ಲಿ, ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ತಡವಾಗಿ ತೋರಿಸುತ್ತದೆ. ಹಾಸನದಿಂದ ಚನ್ನರಾಯಪಟ್ಟಣದ ಕಡೆಗಿನ ಹೆದ್ದಾರಿ, ಚಿಕ್ಕಮಗಳೂರಿನವರಿಗೆ ಕಡೂರಿನ ಕಡೆಯ ಬಯಲು ರಸ್ತೆ ಇದಕ್ಕೆ ಚೆನ್ನಾಗಿವೆ. ಬೆಳಗ್ಗೆ ಬೇಗ, ಗಾಡಿಗಳು ಕಡಿಮೆ ಇರುವಾಗ ಹೋಗಿ. ನೀವು ಓಡಿಸಿ, ಪಕ್ಕದಲ್ಲಿ ಕೂತವರು ಅಳೆಯಲಿ.

ಜಿಪಿಎಸ್ ಬೇಡವಾದರೆ ಕಿಲೋಮೀಟರ್ ಕಲ್ಲು ಸಾಕು. ಒಂದೇ ವೇಗದಲ್ಲಿ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡ್ ಎಂದು ನೋಡಿ, 3600ನ್ನು ಆ ಸಂಖ್ಯೆಯಿಂದ ಭಾಗಿಸಿ. 60 ಸೆಕೆಂಡ್ ಆದರೆ ವೇಗ 60. 72 ಆದರೆ 50. 90 ಆದರೆ 40. ಓಡೋಮೀಟರಿಗೆ ಹತ್ತು ಕಲ್ಲುಗಳ ದೂರ ತೆಗೆದುಕೊಳ್ಳಿ, ಸಣ್ಣ ವ್ಯತ್ಯಾಸವೂ ಕಾಣುತ್ತದೆ.

ಈಗ ಬರುವ ಉತ್ತರವನ್ನು ಹೀಗೆ ಓದಿ. ಓಡೋಮೀಟರ್ ಸರಿಯಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ಅಯಸ್ಕಾಂತ ಅಥವಾ ಸ್ಪ್ರಿಂಗ್ ಸೋತಿದೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಮೀಟರ್ ಸರಿಯಾಗಿಯೇ ಇದೆ, ತಪ್ಪಿರುವುದು ಟೈರ್ ಅಳತೆ ಅಥವಾ ಕೆಳಗಿನ ಗೇರ್. ಉದಾಹರಣೆಗೆ 145/80 ಆರ್12 ಟೈರ್ ಇರಬೇಕಾದ ಕಡೆ 155/80 ಆರ್12 ಹಾಕಿದ್ದೀರಿ ಎನ್ನಿ. ಚಕ್ರ ಸುಮಾರು ನೂರಕ್ಕೆ 3ರಷ್ಟು ದೊಡ್ಡದಾಯಿತು. ಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ಸವೆದ ಟೈರಿನಲ್ಲಿ ಇದಕ್ಕೆ ಉಲ್ಟಾ, ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ. ವೇಗ ಸ್ವಲ್ಪ ಜಾಸ್ತಿ ತೋರಿಸುವುದರಿಂದ ತೊಂದರೆಯಿಲ್ಲ. ಕಡಿಮೆ ತೋರಿಸುವುದನ್ನು ಮಾತ್ರ ಬಿಡಬೇಡಿ.

ಓಡಿದ ಕಿಲೋಮೀಟರ್ ಬರೆದಿಡಿ

ಮೀಟರ್ ನಿಂತಿದ್ದ ದಿನಗಳಲ್ಲಿ ಗಾಡಿ ಎಷ್ಟು ಓಡಿರಬಹುದು ಎಂದು ಪೆಟ್ರೋಲ್ ಲೆಕ್ಕದಿಂದ ತಿಳಿಯಬಹುದು. 180 ಲೀಟರ್ ಹಾಕಿಸಿದ್ದು, ಗಾಡಿ ಲೀಟರಿಗೆ 14 ಕೊಡುತ್ತದೆ ಎಂದರೆ 2,520 ಕಿಲೋಮೀಟರ್. ಮುಂದಿನ ಆಯಿಲ್ ಯಾವಾಗ ಎಂದು ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಮೀಟರನ್ನೇ ಬದಲಿಸಬೇಕಾಗಿ ಬಂದರೆ ಹಳೇ ಅಂಕಿಯನ್ನೇ ಹೊಸದರಲ್ಲಿ ಕೂರಿಸಿಕೊಡಿ ಎಂದು ರಿಪೇರಿಯವರಿಗೆ ಹೇಳಿ. ಅದು ಆಗದಿದ್ದರೆ ಬದಲಿಸಿದ ದಿನಾಂಕ, ಹಳೇ ಮೀಟರಿನ ಅಂಕಿ, ಹೊಸದರ ಅಂಕಿ ಮೂರನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದು, ಎರಡೂ ಮೀಟರಿನ ಫೋಟೊ ಇಟ್ಟುಕೊಳ್ಳಿ. ಐದೇ ಅಂಕಿ ಇರುವ ಹಳೆಯ ಮೀಟರ್ 99,999 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗೆ ಎಷ್ಟು ಸಲ ತಿರುಗಿದೆ ಎಂಬುದು ಗೊತ್ತಿದ್ದರೆ ಅದನ್ನೂ ಬರೆಯಿರಿ.

"ಹೇಗೂ ಬಿಚ್ಚಿದ್ದೀವಿ, ಸ್ವಲ್ಪ ಕಡಿಮೆ ಮಾಡಿಬಿಡೋಣ್ವಾ?" ಎಂದು ಯಾರಾದರೂ ಕೇಳಿದರೆ ಖಂಡಿತ ಬೇಡ ಎನ್ನಿ. ನಾಳೆ ಆ ಗಾಡಿ ಕೊಳ್ಳುವವರು ನಮ್ಮ ಪಕ್ಕದ ಊರಿನವರೇ ಆಗಿರುತ್ತಾರೆ. ಆ ಅಂಕಿ ನಂಬಿ ಟೈಮಿಂಗ್ ಬೆಲ್ಟ್ ಇನ್ನೂ ಇದೆ ಎಂದುಕೊಂಡು ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಾರೆ. ಮಾರುವಾಗ ಸರ್ವಿಸ್ ಪುಸ್ತಕದ ಆ ಪುಟವನ್ನು ತೆರೆದು ತೋರಿಸಿ, ಹಳೇ ಮೀಟರ್ ಇನ್ನೂ ಇದ್ದರೆ ಅದನ್ನೂ ಗಾಡಿಯ ಜೊತೆಗೇ ಕೊಡಿ.